ವಿಂಡೋಸ್ 98ರಲ್ಲಿ ಡಯಲ್-ಅಪ್ ಮೂಲಕ ಬ್ರೌಸರ್ ಓಡಿಸುವುದು

ವಿಂಡೋಸ್ 98 ಎಸ್‌ಇ ಯಂತ್ರ ಡಯಲ್ ಮಾಡಿ ಕನೆಕ್ಟ್ ಆದರೂ ಪುಟ ತೆರೆಯುತ್ತಿಲ್ಲವೇ? ಮೋಡೆಮನ್ನು ದೂರಬೇಡಿ. ಈಗಿನ ಹೆಚ್ಚಿನ ಸೈಟುಗಳು ಕನಿಷ್ಠ ಟಿಎಲ್ಎಸ್ (ಸುರಕ್ಷಿತ ಸಂಪರ್ಕದ ನಿಯಮಾವಳಿ) 1.2 ಕೇಳುತ್ತವೆ, ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಅಲ್ಲಿ 1.0ಕ್ಕೇ ನಿಂತುಬಿಡುತ್ತದೆ. ಮನೆಯ ಲಿನಕ್ಸ್ ಕಂಪ್ಯೂಟರೇ ಕರೆ ಸ್ವೀಕರಿಸಿ ಪ್ರಾಕ್ಸಿಯೂ (ಬ್ರೌಸರಿನ ಪರವಾಗಿ ಪುಟ ತಂದುಕೊಡುವ ಮಧ್ಯವರ್ತಿ) ಆಗುವ ಏರ್ಪಾಡು ಇದಕ್ಕೆ ಅತ್ಯಂತ ಚೊಕ್ಕ ಪರಿಹಾರ.

ಎರಡು ಎಕ್ಸ್‌ಟರ್ನಲ್ ಸೀರಿಯಲ್ ಮೋಡೆಮ್ (ಯಂತ್ರಕ್ಕೊಂದು), ನಡುವೆ ಎರಡು ಫೋನ್ ಪೋರ್ಟಿನ ವಿಒಐಪಿ ಅಡಾಪ್ಟರ್ (ಫೋನ್ ಕರೆಯನ್ನು ನೆಟ್‌ವರ್ಕಿನಲ್ಲಿ ಸಾಗಿಸುವ ಪೆಟ್ಟಿಗೆ) ಬೇಕು. ಅರ್ಧ ಕೆಲಸವನ್ನು ಡ್ರೈವರಿಗೇ ಬಿಡುವ ಪಿಸಿಐ ವಿನ್‌ಮೋಡೆಮ್ ಬೇಡ, ಡ್ರೈವರ್ ಹುಡುಕುವುದರಲ್ಲೇ ಸುಸ್ತಾಗುತ್ತೀರಿ. ಲಿನಕ್ಸಿನಲ್ಲಿ ಆಸ್ಟರಿಸ್ಕ್ ಎಂಬ ಫೋನ್ ಎಕ್ಸ್‌ಚೇಂಜ್ ತಂತ್ರಾಂಶ ಹಾಕಿ ಪೋರ್ಟುಗಳಿಗೆ 101, 102 ಎಂದು ನಂಬರ್ ಕೊಡಿ. ಅಡಾಪ್ಟರಿನಲ್ಲಿ ಜಿ.711 ಕೊಡೆಕ್ ಇರಲಿ. ಎಕೋ ಕ್ಯಾನ್ಸಲೇಶನ್, ಸೈಲೆನ್ಸ್ ಸಪ್ರೆಶನ್ ಎರಡನ್ನೂ ಆಫ್ ಮಾಡಿ, ಇಲ್ಲದಿದ್ದರೆ ಲೈನ್ ಪದೇಪದೇ ಕಡಿಯುತ್ತದೆ. 56ಕೆ ಸಿಗಲು ಸರ್ವರ್ ಕಡೆ ಡಿಜಿಟಲ್ ಲೈನ್ ಇರಬೇಕು. ಎರಡೂ ಕಡೆ ಸಾಮಾನ್ಯ ಮೋಡೆಮ್ ಇದ್ದರೆ ಮಿತಿ 33.6ಕೆ, ಅಂದರೆ ಸೆಕೆಂಡಿಗೆ ಸುಮಾರು 4 ಕಿಲೋಬೈಟ್.

ಲಿನಕ್ಸಿನಲ್ಲಿ ಎಂಗೆಟ್ಟಿ ಎಂಬ ತಂತ್ರಾಂಶ ಫೋನ್ ಎತ್ತಿ, ಡಯಲ್-ಅಪ್ ಸಂಪರ್ಕ ನಡೆಸುವ ಪಿಪಿಪಿಡಿಗೆ ಒಪ್ಪಿಸಲಿ. ಎರಡು ತುದಿಗಳಿಗೆ 192.168.50.1 ಮತ್ತು 192.168.50.2 ಕೊಡಿ. ಪಿಪಿಪಿಡಿಯ ಪಾಸ್‌ವರ್ಡ್ ಕಡತದ ನಾಲ್ಕನೇ ಕಾಲಂನಲ್ಲಿ ನಕ್ಷತ್ರ ಚಿಹ್ನೆ ಹಾಕಲು ಮರೆಯಬೇಡಿ. ಖಾಲಿ ಬಿಟ್ಟರೆ ಪಾಸ್‌ವರ್ಡ್ ಸರಿಯಿದ್ದರೂ ಐಪಿ ವಿಳಾಸ ಸಿಗುವುದಿಲ್ಲ.

ವಿಂಡೋಸ್ ಕಡೆ ಮೈ ಕಂಪ್ಯೂಟರ್ ಒಳಗಿನ ಡಯಲ್-ಅಪ್ ನೆಟ್‌ವರ್ಕಿಂಗ್‌ನಲ್ಲಿ ಹೊಸ ಕನೆಕ್ಷನ್ ಮಾಡಿ, ಲಿನಕ್ಸ್ ಕಡೆಯ ಪೋರ್ಟಿನ ನಂಬರ್ ಕೊಡಿ. ಸರ್ವರ್ ಟೈಪ್ಸ್‌ನಲ್ಲಿ ಪಿಪಿಪಿ ಆರಿಸಿ, ಟಿಸಿಪಿ/ಐಪಿ ಒಂದನ್ನೇ ಉಳಿಸಿ. ನೆಟ್‌ಬಿಇಯುಐ, ಐಪಿಎಕ್ಸ್, ಲಾಗ್ ಆನ್ ಟು ನೆಟ್‌ವರ್ಕ್ ಟಿಕ್ಕುಗಳನ್ನು ತೆಗೆದರೆ ಕನೆಕ್ಟ್ ಆಗುವುದು ಬೇಗ. ಎರರ್ 680 ಬಂದರೆ ಅಡಾಪ್ಟರಿನ ಡಯಲ್ ಟೋನ್ ಮೋಡೆಮಿಗೆ ಗುರುತು ಸಿಕ್ಕಿಲ್ಲ. ಮೋಡೆಮ್ ಪ್ರಾಪರ್ಟೀಸ್‌ನ ಎಕ್ಸ್‌ಟ್ರಾ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್3 ಎಂದು ಬರೆಯಿರಿ. 691 ಹೆಸರು ಅಥವಾ ಪಾಸ್‌ವರ್ಡಿನ ತಪ್ಪು. ಕನೆಕ್ಟ್ ಆದಮೇಲೆ 192.168.50.1ಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ಲೈನಿನ ಕೆಲಸ ಮುಗಿಯಿತು.

ಇನ್ನು ಪ್ರಾಕ್ಸಿ. ಲಿನಕ್ಸಿನಲ್ಲಿ ವೆಬ್‌ಒನ್ ಹಾಕಿ. ಅದು ಹೊರಗೆ ಎಚ್‌ಟಿಟಿಪಿಎಸ್ ಮಾತಾಡಿ, ಹಳೆಯ ಬ್ರೌಸರಿಗೆ ಸಾದಾ ಎಚ್‌ಟಿಟಿಪಿ ಕೊಡುತ್ತದೆ. ಡಿಎನ್ಎಸ್ (ಸೈಟಿನ ಹೆಸರಿಗೆ ಐಪಿ ವಿಳಾಸ ಹುಡುಕುವುದು) ಕೂಡ ಅದೇ ನೋಡಿಕೊಳ್ಳುವುದರಿಂದ ನ್ಯಾಟ್ (ಲಿನಕ್ಸ್ ಮೂಲಕ ಹಳೆಯ ಯಂತ್ರಕ್ಕೆ ನೇರ ಇಂಟರ್ನೆಟ್ ದಾರಿ) ಬೇಕಿಲ್ಲ. ಎಡವುವುದು ಬ್ರೌಸರಿನ ಸೆಟ್ಟಿಂಗಿನಲ್ಲಿ: ಲ್ಯಾನ್ ಸೆಟ್ಟಿಂಗ್ಸ್‌ನಲ್ಲಿ ಬರೆದ ಪ್ರಾಕ್ಸಿ ಡಯಲ್-ಅಪ್‌ಗೆ ಅನ್ವಯಿಸುವುದಿಲ್ಲ. ಇಂಟರ್ನೆಟ್ ಆಪ್ಷನ್ಸ್, ಕನೆಕ್ಷನ್ಸ್‌ನಲ್ಲಿ ನಿಮ್ಮ ಡಯಲ್-ಅಪ್ ಹೆಸರನ್ನು ಆರಿಸಿ, ಪಕ್ಕದ ಸೆಟ್ಟಿಂಗ್ಸ್ ಒತ್ತಿ, ಅಲ್ಲಿ 192.168.50.1, ಪೋರ್ಟ್ 8080 ತುಂಬಿ. ಅಡ್ವಾನ್ಸ್ಡ್‌ನಲ್ಲಿ ಚಿತ್ರ ತೋರಿಸುವ ಟಿಕ್ ತೆಗೆಯಿರಿ. 2 ಮೆಗಾಬೈಟಿನ ಪುಟಕ್ಕೆ ಈ ಲೈನಿನಲ್ಲಿ ಎಂಟು ನಿಮಿಷ ದಾಟುತ್ತದೆ.

ಪ್ರಾಕ್ಸಿ ಬೇಡವೆನ್ನುವವರಿಗೆ ಟಿಎಲ್ಎಸ್ 1.2 ಬಲ್ಲ ರೆಟ್ರೋಝಿಲ್ಲಾ ಬ್ರೌಸರ್ ಇದೆ. ಆಗ ನ್ಯಾಟ್, ಡಿಎನ್ಎಸ್ ಎರಡೂ ಬೇಕು, ಯಂತ್ರದ ತಾರೀಖೂ ಸರಿಯಿರಬೇಕು. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತು ಇಸವಿ ಹಿಂದಕ್ಕೆ ಹೋದರೆ ಸರ್ಟಿಫಿಕೇಟುಗಳೆಲ್ಲ ತಿರಸ್ಕೃತವಾಗುತ್ತವೆ.

ಕನ್ನಡ ಪುಟಗಳ ಕಥೆ ಬೇರೆ. ವಿಂಡೋಸಿನಲ್ಲಿ ಕನ್ನಡ ಯೂನಿಕೋಡ್ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. 98ರಲ್ಲಿ ಕಾಣುವುದು ಬರೀ ಚೌಕಗಳು. ಇದಕ್ಕೆ ಡಬ್ಲ್ಯುಆರ್‌ಪಿ ಎಂಬ ತಂತ್ರಾಂಶ ಒಳ್ಳೆಯದು. ಅದು ಪುಟವನ್ನು ಲಿನಕ್ಸಿನಲ್ಲೇ ಕ್ರೋಮ್ ಮೂಲಕ ತೆರೆದು ಜಿಐಎಫ್ ಚಿತ್ರವಾಗಿ ಕಳಿಸುತ್ತದೆ. ಚಿತ್ರದ ಮೇಲೆ ಕ್ಲಿಕ್ಕಿಸಿದರೆ ಲಿಂಕ್ ತೆರೆಯುತ್ತದೆ. ಲಿನಕ್ಸಿನಲ್ಲಿ ಕನ್ನಡ ಫಾಂಟ್ ಇದ್ದರೆ ಸಾಕು, ಒತ್ತಕ್ಷರಗಳೂ ಸರಿಯಾಗಿ ಬರುತ್ತವೆ. ಇದಕ್ಕೆ ಚಿತ್ರಗಳ ಟಿಕ್ ಮತ್ತೆ ಹಾಕಬೇಕು. ಇದನ್ನು ಪ್ರಾಕ್ಸಿ ಎಂದು ತುಂಬದೆ, ವಿಳಾಸವಾಗಿಯೇ ತೆರೆಯಬೇಕು. ವೆಬ್‌ಒನ್‌ನ ಹಾಗೆ ಇದೂ 8080 ಪೋರ್ಟನ್ನೇ ಬಳಸುವುದರಿಂದ ಒಂದರದ್ದನ್ನು ಬದಲಿಸಿ. 100 ಕಿಲೋಬೈಟ್ ಚಿತ್ರಕ್ಕೆ 25 ಸೆಕೆಂಡ್ ಹಿಡಿಯುತ್ತದೆ, ಹಾಗಾಗಿ ಅಗಲವನ್ನು 640 ಪಿಕ್ಸೆಲ್‌ಗೆ ಇಳಿಸಿ.