ಕ್ಯಾನ್ಸರ್ ಮಾತ್ರೆ ಹಿಡಿಯುತ್ತಿಲ್ಲ ಅಂದರೆ ಏನು ಮಾಡಬೇಕು

"ಈ ಮಾತ್ರೆ ಇನ್ನು ಕೆಲಸ ಮಾಡುತ್ತಿಲ್ಲ" ಅಂತ ಡಾಕ್ಟರು ಹೇಳಿದ ಕೂಡಲೇ ನಮ್ಮ ಹಾಸನ, ಚಿಕ್ಕಮಗಳೂರು ಕಡೆ ಎಷ್ಟೋ ಮನೆಯವರು ಕೈಚೆಲ್ಲಿ ಕೂರುತ್ತಾರೆ, ಇಲ್ಲವೇ ನಾಟಿ ಔಷಧಿ ಹುಡುಕಿಕೊಂಡು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೇರೆ ಮಾತ್ರೆ ಇರಬಹುದು, ಆದರೆ ಯಾವುದು ಅಂತ ಟೆಸ್ಟ್ ಮಾಡಿಸಿದರೇ ಗೊತ್ತಾಗುವುದು.

ಮಾತ್ರೆ ಯಾಕೆ ಸೋಲುತ್ತದೆ ಅನ್ನುವುದು ಕಾಫಿ ತೋಟ ಇರುವವರಿಗೆ ಬೇಗ ಅರ್ಥವಾಗುತ್ತದೆ. ತುಕ್ಕು ರೋಗ ತಡೆಯುತ್ತದೆ ಅಂತ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಬಂದ ಎಸ್.795 ಕಾಫಿ ಗಿಡಕ್ಕೂ ಆಮೇಲೆ ತುಕ್ಕು ಹತ್ತಿತು ಅಲ್ವಾ? ಬದಲಾಗಿದ್ದು ಗಿಡವಲ್ಲ, ರೋಗ. ಕ್ಯಾನ್ಸರ್ ಕಣಗಳೂ ಹಾಗೇ, ಮಾತ್ರೆಗೆ ಬಗ್ಗದ ಕೆಲವು ಉಳಿದುಕೊಂಡು ಅವೇ ಹೆಚ್ಚುತ್ತವೆ.

ಮೊದಲು ಮಾತ್ರೆ ಸರಿಯಾಗಿ ಹೊಟ್ಟೆ ಸೇರುತ್ತಿದೆಯಾ ನೋಡಿ. ಸಿಎಂಎಲ್ ಅನ್ನುವ ರಕ್ತದ ಕ್ಯಾನ್ಸರಿಗೆ ಇಮ್ಯಾಟಿನಿಬ್ ತಗೊಳ್ಳುವವರು ಆರಾಮಾಗಿದ್ದೀವಿ ಅಂತ ನಡುನಡುವೆ ಬಿಟ್ಟರೆ ರೋಗ ಮತ್ತೆ ತಲೆ ಎತ್ತುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಇದರ ಬಲ ತಗ್ಗಿಸುತ್ತದೆ. ಶ್ವಾಸಕೋಶದ ಕ್ಯಾನ್ಸರಿನ ಜೆಫಿಟಿನಿಬ್, ಎರ್ಲೋಟಿನಿಬ್ ಜೊತೆ ಗ್ಯಾಸ್ ಮಾತ್ರೆ ನುಂಗಿದರೆ ಅವು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಹಾಗಾಗಿ ಬಿಪಿ, ಶುಗರ್, ಗ್ಯಾಸ್, ಆಯುರ್ವೇದ, ಮನೇಲಿ ಏನೇ ತಗೊಳ್ಳುತ್ತಿದ್ದರೂ ಸ್ಟ್ರಿಪ್ ಸಮೇತ ಒಂದು ಕವರಿಗೆ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ.

ಅದೆಲ್ಲ ಸರಿ ಇದ್ದರೆ "ಮ್ಯುಟೇಶನ್ ಟೆಸ್ಟ್ ಮಾಡಿಸಬೇಕಾ?" ಅಂತ ನೀವೇ ಕೇಳಿ, ಸಂಕೋಚ ಬೇಡ. ಕ್ಯಾನ್ಸರ್ ಕಣದ ಜೀನ್‌ನಲ್ಲಿ ಏನು ಬದಲಾಗಿದೆ ಅಂತ ನೋಡುವ ಟೆಸ್ಟ್ ಇದು. ಸಿಎಂಎಲ್‌ನಲ್ಲಿ ಟಿ315ಐ ಅನ್ನುವ ಬದಲಾವಣೆ ಸಿಕ್ಕರೆ ಇಮ್ಯಾಟಿನಿಬ್ ಮಾತ್ರ ಅಲ್ಲ, ಡಸಾಟಿನಿಬ್, ನಿಲೋಟಿನಿಬ್ ಕೂಡ ನಾಟುವುದಿಲ್ಲ, ಪೊನಾಟಿನಿಬ್ ನಾಟುತ್ತದೆ. ಇದು ಗೊತ್ತಿಲ್ಲದೆ ಸುಮ್ನೆ ಮಾತ್ರೆ ಬದಲಾಯಿಸಿದರೆ ತಿಂಗಳುಗಟ್ಟಲೆ ದುಡ್ಡೂ ಹೋಗುತ್ತದೆ, ಸಮಯವೂ ಹೋಗುತ್ತದೆ. ಇಜಿಎಫ್‌ಆರ್ ಅನ್ನುವ ಜೀನ್ ಬದಲಾಗಿರುವ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಜೆಫಿಟಿನಿಬ್ ಸೋತವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಟಿ790ಎಂ ಅನ್ನುವ ಇನ್ನೊಂದು ಬದಲಾವಣೆ ಇರುತ್ತದೆ. ಅದಕ್ಕೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಸಿಮರ್ಟಿನಿಬ್ ಇದೆ. ಈ ಟಿ790ಎಂ ಅನ್ನು ರಕ್ತದಲ್ಲೇ ಹುಡುಕಬಹುದು. ರಕ್ತದಲ್ಲಿ ಕಾಣಲಿಲ್ಲ ಅಂದರೆ ಇಲ್ಲವೇ ಇಲ್ಲ ಅಂತಲ್ಲ, ಆಗುವಂತಿದ್ದರೆ ಮತ್ತೆ ಬಯಾಪ್ಸಿ, ಅಂದರೆ ಗಡ್ಡೆಯ ತುಣುಕು ತೆಗೆದು ಪರೀಕ್ಷೆ, ಮಾಡಿಸಿ. ಕೆಲವರಲ್ಲಿ ಕ್ಯಾನ್ಸರಿನ ಜಾತಿಯೇ ಬದಲಾಗಿರುತ್ತದೆ, ಅದು ತುಣುಕು ತೆಗೆದು ನೋಡಿದರೆ ಮಾತ್ರ ತಿಳಿಯುವುದು.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆ ಕಡೆಗೋ ಹೊರಡುವ ಮುಂಚೆ ಮೊದಲ ಬಯಾಪ್ಸಿಯ ತುಣುಕು ಇಟ್ಟ ಮೇಣದ ಬ್ಲಾಕ್ ಲ್ಯಾಬಿನಿಂದ ಕೇಳಿ ಪಡೆಯಿರಿ, ರಿಪೋರ್ಟ್ ಕಾಗದ ಒಂದೇ ಸಾಲದು. ಬೇಸಿಗೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಬಿಸಿಲಿಗೆ ಇಡಬೇಡಿ, ಮೇಣ ಮೆತ್ತಗಾಗಬಹುದು. ಆಯುಷ್ಮಾನ್ ಕಾರ್ಡಿನಲ್ಲಿ ಯಾವ ಟೆಸ್ಟ್, ಯಾವ ಮಾತ್ರೆ ಬರುತ್ತದೆ ಅಂತ ಮೊದಲೇ ವಿಚಾರಿಸಿ.

ರಿಪೋರ್ಟ್ ಬರುವವರೆಗೆ ಹಳೇ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹಾಗೆ ದಿಢೀರ್ ಬಿಟ್ಟಾಗ ಕೆಲವರಿಗೆ ರೋಗ ಒಮ್ಮೆಲೇ ಜಾಸ್ತಿಯಾಗುತ್ತದೆ. ಯಾವತ್ತು ಬಿಡಬೇಕು, ಹೊಸದು ಯಾವತ್ತು ಶುರು ಅಂತ ಡಾಕ್ಟರ ಕೈಲೇ ಚೀಟಿಯಲ್ಲಿ ಬರೆಸಿಕೊಳ್ಳಿ.