ಮನೇಲಿ ವಯಸ್ಸಾದವರು ಬೀಳದ ಹಾಗೆ ನೋಡ್ಕೊಳ್ಳೋದು: ಮೊದಲು ಅವರ ಕೈ ಎಲ್ಲಿ ಹೋಗುತ್ತೆ ನೋಡಿ

ಬೀಳಬಾರ್ದು ಅಂದ ತಕ್ಷಣ ಎಲ್ಲರೂ ಜಾರದ ಮ್ಯಾಟ್ ತರೋಕೆ ಓಡ್ತಾರೆ. ತನ್ನಿ, ಬೇಡ ಅನ್ನಲ್ಲ, ಆದ್ರೆ ಅದಕ್ಕೂ ಮುಂಚೆ ಅವರು ಮಂಚದಿಂದ ಎದ್ದು ಬಾತ್‌ರೂಮಿಗೆ ಹೋಗೋವಾಗ ಏನೂ ಮಾತಾಡ್ದೆ ಹಿಂದೆನೇ ಹೋಗಿ, ಕೈ ಎಲ್ಲೆಲ್ಲಿ ಊರ್ತಾರೆ ಅಂತ ನೋಡ್ಕೊಳ್ಳಿ. ಕುರ್ಚಿ ಬೆನ್ನು, ಬಾಗಿಲ ಚಿಲಕ, ಬೇಸಿನ್ ಅಂಚು, ಕೊನೆಗೆ ಟವೆಲ್ ರಾಡ್. ಈ ಟವೆಲ್ ರಾಡನ್ನ ನಂಬ್ಲೇಬಾರ್ದು, ಮನುಷ್ಯರ ಭಾರ ಬಿದ್ರೆ ಸ್ಕ್ರೂ ಸಮೇತ ಕಿತ್ಕೊಂಡು ಬರುತ್ತೆ. ಅವರ ಕೈ ಹೋಗೋ ಕಡೆನೇ ಗೋಡೆಗೆ ಭದ್ರವಾಗಿ ಹಿಡಿಕೆ ಹಾಕ್ಸಿ, ನಿಮ್ಮ ಕಣ್ಣಿಗೆ ಚೆಂದ ಕಾಣೋ ಕಡೆ ಅಲ್ಲ.

ರಾತ್ರಿ ಮೂತ್ರಕ್ಕೆ ಏಳೋದಿದ್ಯಲ್ಲ, ಅದಕ್ಕೆ ಜಾಸ್ತಿ ಗಮನ ಕೊಡಿ. ಅರೆನಿದ್ದೆ, ಕತ್ತಲೆ, ಅವಸರ, ಅದರ ಮೇಲೆ ದಿಢೀರ್ ಎದ್ರೆ ಬಿಪಿ ಇಳಿದು ತಲೆ ಗಿರ್ ಅನ್ನುತ್ತೆ. ಮಂಚದ ಅಂಚಲ್ಲಿ ಕೂತು, ಪಾದ ನೆಲಕ್ಕೆ ಪೂರ್ತಿ ಊರಿ, ಸ್ವಲ್ಪ ಕಾಲಾಡಿಸಿ ಆಮೇಲೆ ಏಳೋ ಅಭ್ಯಾಸ ಮಾಡ್ಸಿ, ದಾರೀಲಿ ಸಣ್ಣ ಲೈಟ್ ಇರ್ಲಿ. ಮನೇಲಿ ಬಿಪಿ ಮಷೀನ್ ಇದ್ರೆ ಮಲಗಿದ್ದಾಗ ಒಂದ್ಸಲ, ಎದ್ದು ನಿಂತ 3 ನಿಮಿಷದೊಳಗೆ ಒಂದ್ಸಲ ನೋಡಿ (ಪಕ್ಕದಲ್ಲೇ ಹಿಡ್ಕೊಂಡು ನಿಂತಿರಿ ಮತ್ತೆ!), ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದಿದ್ರೆ ಡಾಕ್ಟರಿಗೆ ಹೇಳಿ. ನಿದ್ದೆ ಮಾತ್ರೆ, ಬಿಪಿ ಮಾತ್ರೆ, ಮೂತ್ರ ಜಾಸ್ತಿ ಮಾಡೋ ಮಾತ್ರೆ ಇದ್ರೆ ಪಟ್ಟಿ ತಗೊಂಡೇ ಹೋಗಿ, ಆದ್ರೆ ನೀವೇ ನಿಲ್ಲಿಸೋಕೆ ಹೋಗ್ಬೇಡಿ.

ಹಿಮ್ಮಡಿ ಪಟ್ಟಿ ಇಲ್ದಿರೋ ಸಡಿಲ ಚಪ್ಪಲಿ ಬಿಸಾಕಿ. ವಾಕರ್ ಬಳಸ್ತಿದ್ರೆ, ಅವರು ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಅದರ ಹಿಡಿ ಮಣಿಕಟ್ಟಿನ ಮಟ್ಟಕ್ಕಿರ್ಲಿ.

"ಬೀಳ್ತೀರಾ, ಸುಮ್ನೆ ಕೂತ್ಕೊಳ್ಳಿ" ಅಂತೀವಲ್ಲ, ಪ್ರೀತಿಯಿಂದಾನೇ ಅಂತೀವಿ, ಆದ್ರೆ ಕೂತೂ ಕೂತೂ ತೊಡೆಯ ಶಕ್ತಿ ಹೋಗಿ ಬೀಳೋ ಚಾನ್ಸ್ ಇನ್ನೂ ಜಾಸ್ತಿ ಆಗುತ್ತೆ. ಒಂದು ಸುಲಭದ ಟೆಸ್ಟ್ ಇದೆ, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರೋಕೆ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದ್ರೆ ಫಿಸಿಯೋಥೆರಪಿಸ್ಟ್‌ಗೆ ತೋರ್ಸಿ.

ಇಷ್ಟಾದ್ರೂ ಬಿದ್ರೆ? ಗಾಬರೀಲಿ ಕಂಕುಳಿಗೆ ಕೈ ಹಾಕಿ ಎಳೀಬೇಡಿ. ಎಲ್ಲಿ ನೋವು ಅಂತ ಕೇಳಿ, ಒಂದು ಕಾಲು ಗಿಡ್ಡ ಆದಂಗೆ ಕಂಡು ಪಾದ ಹೊರಗಡೆ ತಿರುಗಿದ್ರೆ ಸೊಂಟದ ಮೂಳೆ ಮುರಿದಿರಬಹುದು, ಅಲ್ಲಾಡಿಸ್ದೆ ಆಂಬುಲೆನ್ಸ್ ಕರೀರಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ತಲೆ ತಾಗಿಸ್ಕೊಂಡ್ರಂತೂ "ನನಗೇನಾಗಿಲ್ಲ ಬಿಡು" ಅಂದ್ರೂ ಕೇಳ್ಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ.