ಪ್ರೀಮೆಡ್ ಮಕ್ಕಳೇ, ಸೀಟಿನ ಭಯಕ್ಕೆ ಥೆರಪಿ ಮುಂದೂಡಬೇಡಿ

ಅಮೆರಿಕದಲ್ಲಿ ಪ್ರೀಮೆಡ್ (ಮೆಡಿಕಲ್ ಸೇರುವ ಮುಂಚಿನ ಕಾಲೇಜು ಓದು) ಓದುವ ನಮ್ಮ ಮಕ್ಕಳಲ್ಲಿ ಪ್ರತಿ ವರ್ಷ ಇದೇ ಭಯ ನೋಡುತ್ತಿದ್ದೇನೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಆದರೂ ಥೆರಪಿಸ್ಟ್ ಹತ್ತಿರ ಹೋಗುವುದಿಲ್ಲ. ರೆಕಾರ್ಡ್ ಆದರೆ ಮೆಡಿಕಲ್ ಸೀಟು ಹೋಯಿತು ಅಂತ.

ಸೀಟು ಹೋಗುವುದಿಲ್ಲ. ಇಲ್ಲಿನ ಡಾಕ್ಟರ್ ಪದವಿಯಾದ ಎಂ.ಡಿ.ಗೆ ಹಾಕುವ ಆಮ್‌ಕಾಸ್ ಎಂಬ ಸಾಮಾನ್ಯ ಅರ್ಜಿಯಲ್ಲಿ ಕಾಲೇಜಿನ ಶಿಸ್ತುಕ್ರಮ, ಕ್ರಿಮಿನಲ್ ಕೇಸು ಕೇಳುತ್ತಾರೆ. ಖಿನ್ನತೆಗೆ ಮಾತ್ರೆ ತೆಗೆದುಕೊಂಡಿದ್ದೀರಾ ಎಂದು ಕೇಳುವುದಿಲ್ಲ. ಹೊರಗಿನ ಡಾಕ್ಟರು ನಿಮ್ಮ ಒಪ್ಪಿಗೆ ಇಲ್ಲದೆ ಅಡ್ಮಿಷನ್ ಆಫೀಸಿಗೆ ಏನೂ ಕೊಡುವಂತಿಲ್ಲ, 1996ರ ಹಿಪಾ ಕಾನೂನು ಅದನ್ನು ತಡೆಯುತ್ತದೆ.

ದುಡ್ಡು ಹೋಗುವುದು ಇಲ್ಲಿ. ರೆಕಾರ್ಡ್ ಬೇಡ ಎಂದು ಇನ್ಶೂರೆನ್ಸ್ ಬಿಟ್ಟು ಕೈಯಿಂದ ಕೊಡುತ್ತಾರೆ, ಒಂದು ಸಲಕ್ಕೆ 150–200 ಡಾಲರ್. ನನಗೆ ಗೊತ್ತಿರುವ ಹಾಸನದವರ ಮಗಳು ಹೀಗೇ ಮಾಡಿ, ಕ್ರೆಡಿಟ್ ಕಾರ್ಡ್ ಸಾಲ ಏರಿದ ಮೇಲೆ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಿದಳು. ಆ ಸೆಮಿಸ್ಟರ್ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎಫ್ ಬಂತು. ಮತ್ತೆ ಬರೆದು ಎ ತೆಗೆದರೂ ಆಮ್‌ಕಾಸ್ ಎರಡನ್ನೂ ಸೇರಿಸಿಯೇ ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕ ಹಾಕುತ್ತದೆ. ಅಡ್ಮಿಷನ್‌ನವರಿಗೆ ಕಾಣುವುದು ಆ ಎಫ್, ಥೆರಪಿ ಅಲ್ಲ. ಮೊದಲೇ ಡಾಕ್ಟರ ಪತ್ರ ಕೊಟ್ಟು ಮೆಡಿಕಲ್ ವಿತ್‌ಡ್ರಾವಲ್ (ಅನಾರೋಗ್ಯದ ಕಾರಣಕ್ಕೆ ಕೋರ್ಸ್ ಬಿಡುವುದು) ಕೇಳಿದರೆ ಸಾಮಾನ್ಯವಾಗಿ ಡಬ್ಲ್ಯೂ ಎಂದಷ್ಟೇ ಬರುತ್ತದೆ, ಅದು ಜಿಪಿಎಗೆ ಸೇರುವುದಿಲ್ಲ. ಕಾಲೇಜಿನ ಕಡೇ ದಿನಾಂಕ ಈಗಲೇ ನೋಡಿಟ್ಟುಕೊಳ್ಳಿ.

ನಿಜವಾಗಿ ವಿಷಯ ಗೊತ್ತಾಗುವುದು ಮನೆಯಲ್ಲಿ. 26 ವರ್ಷದವರೆಗೂ ಅಪ್ಪ ಅಮ್ಮನ ಇನ್ಶೂರೆನ್ಸ್‌ನಲ್ಲೇ ಇರಬಹುದು ಅಲ್ವಾ, ಯಾರ ಹತ್ತಿರ ಯಾವತ್ತು ಹೋದಿರಿ ಎಂದು ಇನ್ಶೂರೆನ್ಸ್‌ನವರು ಕಳಿಸುವ ಇಒಬಿ ಕಾಗದ ಸಾಮಾನ್ಯವಾಗಿ ಅವರ ಹೆಸರಿಗೇ ಬರುತ್ತದೆ. ಅದು ಬೇಡವಾದರೆ ಮೊದಲ ಅಪಾಯಿಂಟ್‌ಮೆಂಟಿಗೆ ಮುಂಚೆಯೇ ಇನ್ಶೂರೆನ್ಸ್‌ಗೆ ಫೋನ್ ಮಾಡಿ, ನನ್ನ ಕಾಗದ ನನ್ನ ವಿಳಾಸಕ್ಕೇ ಕಳಿಸಿ ಎಂದು ಕೇಳಿ. ಅಪ್ಪ ಅಮ್ಮಂದಿರೇ, ಆ ಕಾಗದ ಕೈಗೆ ಸಿಕ್ಕಿದರೆ ದಯವಿಟ್ಟು ಬೈಯಬೇಡಿ.

ಗುಟ್ಟು ಕಾಯುವುದರಲ್ಲಿ ಇಲ್ಲಿನ ವ್ಯವಸ್ಥೆಯೇ ವಾಸಿ. ಡಾಕ್ಟರು ಸಿಗುವುದರಲ್ಲಿ ಬೆಂಗಳೂರಿನ ನಿಮ್ಹಾನ್ಸೇ ಮೇಲು. ಇಲ್ಲಿ ವಾರಗಟ್ಟಲೆ ಕಾಯಿಸುತ್ತಾರೆ. ಅದಕ್ಕೇ ಮೊದಲು ಕ್ಯಾಂಪಸ್ ಕೌನ್ಸೆಲಿಂಗ್‌ಗೆ ಹೋಗಿ. ಅಲ್ಲಿನ ಖರ್ಚು ಸಾಮಾನ್ಯವಾಗಿ ಫೀಸಿನಲ್ಲೇ ಸೇರಿರುತ್ತದೆ, ಅಲ್ಲಿ ಹೇಳಿದ್ದು ಮಾರ್ಕ್ಸ್ ಕಾರ್ಡಿಗೆ ಬರುವುದಿಲ್ಲ. ಹೊರಗೆ ಕಳಿಸಿದರೆ ಇನ್-ನೆಟ್‌ವರ್ಕ್ (ನಿಮ್ಮ ಇನ್ಶೂರೆನ್ಸ್ ಪಟ್ಟಿಯಲ್ಲಿರುವ) ಹೆಸರುಗಳನ್ನೇ ಕೇಳಿ. ರಾತ್ರಿ ತೀರಾ ತಡೆಯಲಾರದೆ ಹೋದರೆ ಇಲ್ಲಿನ ಸಹಾಯವಾಣಿ 988ಕ್ಕೆ ಫೋನ್ ಮಾಡಿ, ಮೆಸೇಜ್ ಕೂಡ ಮಾಡಬಹುದು.

ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಇರುವವರು ಮಾತ್ರ ಇದನ್ನು ಮರೆಯಬೇಡಿ: ಕೋರ್ಸ್ ಬಿಡುವ ಮೊದಲು ಡಿಎಸ್‌ಒ (ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ವೀಸಾ ನೋಡಿಕೊಳ್ಳುವ ಅಧಿಕಾರಿ) ಒಪ್ಪಿಗೆ ಪಡೆಯಿರಿ. ಸುಮ್ನೆ ಬಿಟ್ಟರೆ ವೀಸಾ ಸ್ಟೇಟಸ್‌ಗೇ ಕುತ್ತು. ಆ ಒಪ್ಪಿಗೆಗೆ ಕೊಡುವ ಅನಾರೋಗ್ಯದ ಪತ್ರವನ್ನು ಡಾಕ್ಟರೋ ಲೈಸೆನ್ಸ್ ಇರುವ ಕ್ಲಿನಿಕಲ್ ಸೈಕಾಲಜಿಸ್ಟೋ ಬರೆದಿರಬೇಕು.